ಚುಕ್ಕೆಯಿಲ್ಲದ ಸಾಲು

ಆಗಸ್ಟ್ 19

ಅಪ್ಪಾ,

ಬಂದು ಸೇರಿದೆ. ನೀನು ಹೇಳಿದ ಹಾಗೆ ಬಸ್ ನಿಲ್ದಾಣದಲ್ಲಿ ಯಾರ ಕೈಗೂ ಪೆಟ್ಟಿಗೆ ಕೊಡಲಿಲ್ಲ, ಭುಜ ಈಗಲೂ ನೋಯುತ್ತಿದೆ. ವಾರ್ಡನ್ ಮೊದಲು ಕೇಳಿದ್ದೇ ಫೋನು. ಅದನ್ನು ಲಕೋಟೆಗೆ ಹಾಕಿ, ಮೇಲೆ ನನ್ನ ಸಂಖ್ಯೆ ಬರೆದು, ಬೀರುವಿನಲ್ಲಿಟ್ಟುಕೊಂಡರು. ರಜೆಗೆ ಹೋಗುವಾಗ ಕೊಡುತ್ತಾರಂತೆ. ಅಲ್ಲಿಯವರೆಗೆ ಪತ್ರವೇ ಗತಿ.

ವಿಶೇಷ ತರಗತಿ ಶುರುವಾಗಿ ಆಗಲೇ ಐದು ವಾರವಾಗಿದೆ. ಕಾಯುವ ಪಟ್ಟಿಯಿಂದ ಬಂದವಳು ನಾನೊಬ್ಬಳೇ. ಯಾವಳೋ ಬಿಟ್ಟುಹೋದಳಂತೆ, ಆ ಜಾಗ ನನಗೆ ಬಂತು. ಯಾಕೆ ಹೋದಳು ಎಂದು ಊಟದ ಮನೆಯಲ್ಲಿ ಕೇಳಿದೆ. ಎಲ್ಲರೂ ತಮ್ಮ ತಮ್ಮ ತಟ್ಟೆ ನೋಡಿಕೊಂಡು ಊಟ ಮಾಡಿದರು. ನಾನು ಮಲಗುವುದು ಅವಳ ಮಂಚದಲ್ಲೇ.

ಗಣಿತದ ಮೇಡಂ ಮೊದಲ ದಿನವೇ ನಿಯಮ ಹೇಳಿದರು. ಪ್ರತಿಯೊಬ್ಬರಿಗೂ ಒಂದು ಕೆಲಸದ ಪುಸ್ತಕ. ಪೆನ್ನಲ್ಲೇ ಬರೆಯಬೇಕು, ಹಾಳೆ ಹರಿಯುವ ಹಾಗಿಲ್ಲ, ಅಳಿಸುವ ಹಾಗಿಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೀಟು, ಕೆಳಗಿರುವುದು ಓದುವ ಹಾಗಿರಬೇಕು. ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರ ಕೈ ಬೀಳಕೂಡದು. ಇರುವುದು ಇಪ್ಪತ್ನಾಲ್ಕು ಜನ, ಡಿಸೆಂಬರ್ ಪರೀಕ್ಷೆ ಮುಗಿದ ಮೇಲೆ ಉಳಿಯುವುದು ಹದಿನೆಂಟು. ಮಿಕ್ಕವರು ಸಾಮಾನ್ಯ ತರಗತಿಗೆ. ಅವರಿಗೆ ಹಾಸ್ಟೆಲ್ ಇಲ್ಲ, ಅಂದರೆ ನಾನು ಪೆಟ್ಟಿಗೆ ಹೊತ್ತುಕೊಂಡು ಮನೆಗೆ. ನಾನು ಒಂದು ಲೆಕ್ಕ ಮುಗಿಸುವಷ್ಟರಲ್ಲಿ ಪಕ್ಕದಲ್ಲಿ ಕೂತವರು ಮೂರು ಮುಗಿಸಿರುತ್ತಾರೆ.

ನನ್ನ ಕೋಣೆಯಲ್ಲಿ ಇನ್ನೊಬ್ಬಳಿದ್ದಾಳೆ. ಎಲ್ಲರೂ ಅವಳನ್ನು ಮೌನಿ ಎನ್ನುತ್ತಾರೆ. ತರಗತಿಗೆ ಮೊದಲಿಗಳು. ನಾನು ಬಂದಾಗ ತಲೆಯೆತ್ತಿ ನೋಡಿ, ಕಿಟಕಿಯ ಕಡೆ ಬೆರಳು ತೋರಿಸಿ, "ಅದು ಗಟ್ಟಿಯಾಗಿ ಎಳೆದ್ರೆ ಮಾತ್ರ ಮುಚ್ಚುತ್ತೆ" ಅಂದಳು. ಅಷ್ಟೇ. ಒಂದು ವಿಚಿತ್ರವೆಂದರೆ, ಅವಳ ಪೆಟ್ಟಿಗೆಗೆ ಬೀಗವಿಲ್ಲ. ಇಡೀ ಹಾಸ್ಟೆಲ್ಲಿನಲ್ಲಿ ಬೀಗವಿಲ್ಲದ್ದು ಅವಳದ್ದೊಂದೇ. ನೀನು ಕೊಟ್ಟ ಹಿತ್ತಾಳೆ ಬೀಗ ನನ್ನದಕ್ಕೆ ಹಾಕಿದ್ದೇನೆ, ಎರಡು ಸಲ ಎಳೆದೂ ನೋಡಿದ್ದೇನೆ.

ನಿನ್ನ,
ಕಡ್ಡಿ


ಆಗಸ್ಟ್ 27

ಕಡ್ಡಿ,

ಪತ್ರ ಸಿಕ್ಕಿತು. ಲಕೋಟೆಯ ಅಂಟು ಒಂದು ಮೂಲೆಯಲ್ಲಿ ಎದ್ದಿತ್ತು. ಅಂಚೆಯಲ್ಲಿ ಎದ್ದಿತೋ, ವಾರ್ಡನ್ ಮೂಗು ತೂರಿಸಿದರೋ ಗೊತ್ತಿಲ್ಲ. ಇನ್ನು ಮೇಲೆ ಅಂಟಿನ ಮೇಲೆ ಅಡ್ಡಲಾಗಿ ನಿನ್ನ ಸಹಿ ಹಾಕು. ನಾನೂ ಹಾಕುತ್ತೇನೆ.

ಮೂವತ್ತು ವರ್ಷದಿಂದ ತಕ್ಕಡಿ ರಿಪೇರಿ ಮಾಡುತ್ತಿದ್ದೇನೆ. ಅಂಗಡಿಗೆ ಹೋದರೆ ನಾನು ಮೊದಲು ನೋಡುವುದು ತಕ್ಕಡಿಯನ್ನಲ್ಲ, ಅದರ ಹಿಂದೆ ನಿಂತವನ ಕೈಯನ್ನು. ನೀನೂ ಹಾಗೇ ಇರು. ಆರು ಜನ ಹೊರಗೆ ಹೋಗಲೇಬೇಕು ಎಂದಮೇಲೆ ಅಲ್ಲಿರುವ ಒಬ್ಬೊಬ್ಬರಿಗೂ ನೀನು ಹೋದರೆ ಲಾಭ. ಕೊನೆಯಲ್ಲಿ ಬಂದವಳನ್ನು ಮೊದಲು ತಳ್ಳುತ್ತಾರೆ. ಯಾರಾದರೂ ಬೆಣ್ಣೆಯಂಥ ಮಾತಾಡಿದರೆ ಹುಷಾರು. ಮಾತೇ ಆಡದಿದ್ದರೆ ಇನ್ನೂ ಹುಷಾರು.

ಬೀಗವಿಲ್ಲದ ಪೆಟ್ಟಿಗೆಯ ವಿಷಯ ನನಗೆ ಸರಿ ಕಾಣಲಿಲ್ಲ. ಒಳಗೆ ಏನೂ ಇಲ್ಲದಿರಬೇಕು. ಇಲ್ಲವೇ, ಏನೂ ಇಲ್ಲ ಎಂದು ನೀನು ನಂಬಲಿ ಎಂದಿರಬೇಕು. ಕಣ್ಣಿಟ್ಟಿರು.

ಇತಿ,
ಅಪ್ಪ

ಈ ಮೂಲೆಯಲ್ಲಿ ನಾನೂ ಎರಡು ಸಾಲು ಬರೀತೀನಿ. ನಿಮ್ಮಪ್ಪ ಪಕ್ಕದ ಮನೆ ಬೆಕ್ಕನ್ನೂ ಅನುಮಾನದಿಂದಲೇ ನೋಡೋದು, ನಿಂಗೆ ಗೊತ್ತಲ್ಲ. ನೀನು ಹೊಟ್ಟೆ ತುಂಬ ತಿನ್ನು. ಆ ಹುಡುಗಿ ಜೊತೆ ನೀನಾದ್ರೂ ಎರಡು ಮಾತಾಡು. ಅಮ್ಮ.


ಸೆಪ್ಟೆಂಬರ್ 14

ಅಪ್ಪಾ,

ಇಲ್ಲಿ ಏನೋ ನಡೆಯುತ್ತಿದೆ. ಅಮ್ಮನಿಗೆ ಹೇಳಬೇಡ, ಊಟ ಬಿಡುತ್ತಾಳೆ.

ನನ್ನ ಕೆಲಸದ ಪುಸ್ತಕದಲ್ಲಿ ಚುಕ್ಕೆಗಳು ಬೀಳುತ್ತಿವೆ. ಪೆನ್ಸಿಲಿನ ಚುಕ್ಕೆ, ಸಾಸಿವೆಗಿಂತ ಚಿಕ್ಕದು, ಸಾಲಿನ ಎಡಗಡೆ ಅಂಚಿನಲ್ಲಿ. ಮೊದಲು ಕಾಗದದ ಕಲೆ ಎಂದುಕೊಂಡೆ. ಆಮೇಲೆ ಗಮನಿಸಿದೆ: ಚುಕ್ಕೆ ಬಿದ್ದ ಸಾಲಿನಲ್ಲೆಲ್ಲ ನನ್ನ ತಪ್ಪಿದೆ. ಒಂದೂ ಹುಸಿ ಹೋಗಿಲ್ಲ. ಸಂಜೆ ನಾನು ಸ್ನಾನಕ್ಕೆ ಹೋಗುವಾಗ ಪುಸ್ತಕ ಮೇಜಿನ ಮೇಲಿರುತ್ತದೆ, ಬಂದು ನೋಡಿದರೆ ಎರಡೋ ಮೂರೋ ಚುಕ್ಕೆ.

ಆ ಸಾಲುಗಳನ್ನು ಮತ್ತೆ ಮಾಡಿ ನೋಡುತ್ತೇನೆ, ತಪ್ಪು ಸಿಗುತ್ತದೆ, ಗೀಟು ಹಾಕಿ ಸರಿ ಮಾಡುತ್ತೇನೆ, ಚುಕ್ಕೆ ಅಳಿಸುತ್ತೇನೆ. ಹೋದ ಶನಿವಾರ ಮೇಡಂ, "ಪರವಾಗಿಲ್ವೇ, ನಿನ್ನ ತಪ್ಪು ನೀನೇ ಹಿಡೀತಿದೀಯ" ಅಂದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ನನಗೆ ಲಾಭವೇ ಆಗುತ್ತಿದೆ, ನಿಜ. ಹೆದರಿಕೆಯಾಗುತ್ತಿರುವುದೂ ಅದಕ್ಕೇ. ಮಾತೂ ಆಡದವರು ಯಾಕೆ ನನಗೆ ಲಾಭ ಮಾಡುತ್ತಾರೆ? ಇನ್ನೊಬ್ಬರ ಕೈ ನನ್ನ ಪುಸ್ತಕದಲ್ಲಿದೆ ಎಂದು ಒಂದು ದಿನ ಮೇಡಂಗೆ ತೋರಿಸಿದರೆ ನನ್ನ ಕಥೆ ಮುಗಿಯಿತು. ಇಲ್ಲವೇ ಯಾರೋ ನನ್ನ ತಪ್ಪುಗಳ ಪಟ್ಟಿ ಮಾಡುತ್ತಿದ್ದಾರೆ.

ಮೌನಿಯೇ ಇರಬೇಕು. ಅವಳ ಮೇಜಿನಲ್ಲಿ ಪೆನ್ನು ಮಾತ್ರ ಕಾಣುತ್ತದೆ. ಆದರೆ ನಿನ್ನೆ ಅವಳ ದಿಂಬಿನ ಪಕ್ಕ ಪೆನ್ಸಿಲ್ ಚೂಪು ಮಾಡಿದ ಸಿಪ್ಪೆ ಬಿದ್ದಿತ್ತು. ಮುಖಕ್ಕೆ ಮುಖ ಕೊಟ್ಟು ಕೇಳಲು ಧೈರ್ಯ ಸಾಲದು. ಏನು ಮಾಡಲಿ?

ಕಡ್ಡಿ


ಸೆಪ್ಟೆಂಬರ್ 21

ಕಡ್ಡಿ,

ಕೇಳಬೇಡ. ಕೇಳಿದರೆ ಎಚ್ಚರವಾಗಿಬಿಡುತ್ತಾರೆ. ಸಿಕ್ಕಿಬೀಳುವ ಹಾಗೆ ಮಾಡು.

ನನ್ನ ಚೀಲದಲ್ಲಿ ಅರ್ಧ ಕಿಲೋದ ಒಂದು ಕಬ್ಬಿಣದ ತೂಕದ ಕಲ್ಲಿದೆ. ಚಿಕ್ಕವಳಿದ್ದಾಗ ನೀನದನ್ನು ಮುಟ್ಟಿದರೆ ಗದರುತ್ತಿದ್ದೆ, ನೆನಪಿರಬಹುದು. ಅದರ ತಳಕ್ಕೆ ತುಂಬಿದ ಸೀಸವನ್ನು ನಾನೇ ಸ್ವಲ್ಪ ಕೆರೆದು ತೆಗೆದಿದ್ದೇನೆ. ನೋಡುವುದಕ್ಕೆ ಮಿಕ್ಕವುಗಳ ಹಾಗೇ, ತೂಗಿದರೆ ಹಗುರ. ಯಾವ ಅಂಗಡಿಯವನ ಮೇಲೆ ಅನುಮಾನವೋ, ತಕ್ಕಡಿ ರಿಪೇರಿ ಮಾಡಿ ಬರುವಾಗ ಮರೆತವನ ಹಾಗೆ ಅದನ್ನು ಅಲ್ಲಿ ಬಿಟ್ಟು ಬರುತ್ತಿದ್ದೆ. ಪ್ರಾಮಾಣಿಕನಾದರೆ ತೂಗಿ ನೋಡಿ, ಇದು ಹಗುರವಿದೆ ಎಂದು ವಾಪಸ್ ಕೊಡುತ್ತಾನೆ. ಕಳ್ಳನಾದರೆ ತನ್ನ ತಟ್ಟೆಗೆ ಹಾಕಿಕೊಳ್ಳುತ್ತಾನೆ.

ಮೂಲೆ ಅಂಗಡಿಯವನು ಸಿಕ್ಕಿಬಿದ್ದದ್ದು ಹಾಗೇ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು, ಹಾಗೆಂದು ನಾನು ಬಿಡಲಿಲ್ಲ. ಒಂದು ತಿಂಗಳು ಬಿಟ್ಟು ಹೋದೆ, ನನ್ನ ಕಲ್ಲು ಅವನ ತಟ್ಟೆಯಲ್ಲಿತ್ತು. ತೂಕ-ಅಳತೆ ಕಚೇರಿಗೆ ತಿಳಿಸಿದೆ. ಅಂಗಡಿ ಮುಚ್ಚಿತು. ಅವತ್ತು ಅವನ ಬಾಯಿಂದ ಒಂದು ಮಾತು ಹೊರಡಲಿಲ್ಲ.

ನೀನೂ ಒಂದು ಹಗುರ ಕಲ್ಲು ಇಡು. ಒಂದು ಲೆಕ್ಕವನ್ನು ಬೇಕೆಂದೇ ತಪ್ಪಾಗಿ ಮಾಡು. ಆದರೆ ಅಂದವಾಗಿ ಬರೆ, ಎಲ್ಲೂ ತಡವರಿಸಿದ ಹಾಗೆ ಕಾಣಬಾರದು. ನಿನ್ನ ಪುಸ್ತಕಕ್ಕೆ ಕೈ ಹಾಕುವವರು ಕದಿಯುವುದಕ್ಕೇ ಬರುತ್ತಿದ್ದರೆ ಆ ತಪ್ಪು ಅವರ ಪುಸ್ತಕದಲ್ಲಿ ಬಂದು ಕೂರುತ್ತದೆ.

ಇತಿ,
ಅಪ್ಪ


ಅಕ್ಟೋಬರ್ 12

ಅಪ್ಪಾ,

ಸಿಕ್ಕಿಬಿದ್ದಳು.

ಈ ವಾರ ತೊಟ್ಟಿಯ ಲೆಕ್ಕ ಕೊಟ್ಟಿದ್ದರು. ತಳದಲ್ಲಿ ತೂತಿರುವ ತೊಟ್ಟಿ, ನೀರೆಲ್ಲ ಖಾಲಿಯಾಗಲು ಎಷ್ಟು ಹೊತ್ತು ಬೇಕು ಎಂದು. ನನಗೆ ಅಪರೂಪಕ್ಕೆ ಒಂದೇ ಸಲಕ್ಕೆ ಸರಿ ಬಂತು, ಇಪ್ಪತ್ತೆಂಟು ನಿಮಿಷ. ಅದನ್ನು ರಟ್ಟಿನ ಚೂರಿನ ಮೇಲೆ ಬರೆದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಪುಸ್ತಕದಲ್ಲಿ ನಾಲ್ಕನೇ ಸಾಲಿನಲ್ಲಿ ಬೇಕೆಂದೇ ಒಂದು ಹೆಜ್ಜೆ ತಪ್ಪಿಸಿ, ಮೂವತ್ತನಾಲ್ಕು ಬರುವ ಹಾಗೆ ಮಾಡಿದೆ. ಇಷ್ಟು ದುಂಡಗೆ ನಾನು ಯಾವತ್ತೂ ಬರೆದಿರಲಿಲ್ಲ. ಪುಸ್ತಕ ತೆರೆದಿಟ್ಟು ಸ್ನಾನಕ್ಕೆ ಹೋದೆ. ಬಂದು ನೋಡಿದೆ. ಆ ಸಾಲಿನ ಪಕ್ಕದಲ್ಲಿ ಚುಕ್ಕೆ ಇರಲಿಲ್ಲ. ಮಿಕ್ಕ ತಪ್ಪುಗಳನ್ನೆಲ್ಲ ಹಿಡಿದ ಕೈ ಅದನ್ನು ಬಿಟ್ಟಿತ್ತು.

ಮಾರನೆಯ ಬೆಳಿಗ್ಗೆ ನನ್ನ ಮೂವತ್ತನಾಲ್ಕಕ್ಕೆ ಗೀಟು ಹಾಕಿ, ಕೆಳಗೆ ಸರಿಯಾದದ್ದು ಬರೆದೆ. ಪುಸ್ತಕಗಳನ್ನು ಸೇರಿಸಿ ಮೇಡಂ ಕೋಣೆಗೆ ಒಯ್ಯುವ ಸರದಿ ಈ ವಾರ ನನ್ನದೇ. ಮೆಟ್ಟಿಲ ಹತ್ತಿರ ನಿಂತು ಮೌನಿಯದ್ದನ್ನು ತೆರೆದೆ. ಪುಟದಲ್ಲಿ ಏನೋ ಗೀಟು ಹೊಡೆದಿದ್ದಳು, ಅದನ್ನೆಲ್ಲ ಓದುವಷ್ಟು ಹೊತ್ತಿರಲಿಲ್ಲ. ಕೊನೆಯ ಸಾಲು ನೋಡಿದೆ. ಮೂವತ್ತನಾಲ್ಕು.

ತರಗತಿಗೆ ಮೊದಲಿಗಳು, ಅಪ್ಪ. ನನ್ನಂಥವಳ ಪುಸ್ತಕದಿಂದ ಕದಿಯುತ್ತಾಳೆ. ನನಗೆ ಖುಷಿಯಾಗಬೇಕಿತ್ತು. ಯಾಕೋ ಆಗಲಿಲ್ಲ. ಮೇಡಂಗೆ ಇನ್ನೂ ಹೇಳಿಲ್ಲ.

ಕಡ್ಡಿ


ಅಕ್ಟೋಬರ್ 18

ಕಡ್ಡಿ,

ಹೇಳು. ಹಿಂದೆ ಮುಂದೆ ನೋಡಬೇಡ. ನೀನು ಸುಮ್ಮನಿದ್ದರೆ ನಾಳೆ ಅವಳೇ ಹೋಗಿ, ಕದ್ದವಳು ನೀನು ಅನ್ನುತ್ತಾಳೆ. ಮೊದಲಿಗಳ ಮಾತನ್ನು ನಂಬುತ್ತಾರೋ, ಕಾಯುವ ಪಟ್ಟಿಯಿಂದ ಬಂದವಳದ್ದನ್ನು ನಂಬುತ್ತಾರೋ? ಅವಳು ಹೋದರೆ ಹೊರಗೆ ಹೋಗಬೇಕಾದವರಲ್ಲಿ ಒಬ್ಬರು ಕಡಿಮೆಯಾದರು, ಅದೂ ನಿನ್ನ ತಲೆಯಲ್ಲಿರಲಿ.

ಬಲೆ ಇಟ್ಟ ವಿಷಯ ಎತ್ತಬೇಡ. ಅವಳ ಪುಸ್ತಕದಲ್ಲಿ ನನ್ನ ತಪ್ಪಿದೆ ಎಂದಷ್ಟೇ ಹೇಳು. ಅಷ್ಟು ಸಾಕು.

ಇತಿ,
ಅಪ್ಪ


ನವೆಂಬರ್ 4

ಅಪ್ಪಾ,

ಹೇಳಿದೆ. ನೀನು ಹೇಳಿಕೊಟ್ಟಷ್ಟನ್ನೇ ಹೇಳಿದೆ.

ಮೇಡಂ ಇಬ್ಬರನ್ನೂ ಕರೆಸಿ, ಎರಡೂ ಪುಸ್ತಕಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ತೆರೆದಿಟ್ಟರು. ಆಗ ನಾನು ಅವಳ ಪುಟವನ್ನು ಸರಿಯಾಗಿ ನೋಡಿದೆ. ಅವಳು ಲೆಕ್ಕವನ್ನು ಪೂರ್ತಿ ಮಾಡಿದ್ದಳು. ಕೊನೆಯಲ್ಲಿ ಇಪ್ಪತ್ತೆಂಟು ಎಂದೇ ಬರೆದಿದ್ದಳು. ಅದರ ಮೇಲೆ ಒಂದೇ ಒಂದು ಗೀಟು. ಕೆಳಗೆ ನನ್ನ ನಾಲ್ಕನೇ ಸಾಲು, ನನ್ನ ಮೂವತ್ತನಾಲ್ಕು.

ಮೇಡಂ ಕೇಳಿದರು, "ಅವಳ ಪುಸ್ತಕ ನೋಡಿದ್ಯಾ?"

"ನೋಡಿದೆ" ಅಂದಳು.

"ಎಷ್ಟು ದಿನದಿಂದ?"

"ಅವಳು ಬಂದಾಗಿನಿಂದ."

"ಸರಿಯಿದ್ದ ಉತ್ತರಾನ ಯಾಕೆ ಹೊಡೆದು ಹಾಕಿದೆ?"

ಅವಳು ನನ್ನ ಕಡೆ ನೋಡಿದಳು. ತೀರ್ಮಾನವಾಗುವವರೆಗೆ ಮನೆಗೆ ಹೋಗಿರು ಎಂದು ಮೇಡಂ ಅವಳಿಗೆ ಹೇಳಿಬಿಟ್ಟರು.

ಮೂಲೆ ಅಂಗಡಿಯವನ ಬಾಯಿಂದ ಒಂದು ಮಾತು ಹೊರಡಲಿಲ್ಲ ಎಂದು ಬರೆದಿದ್ದೆಯಲ್ಲ. ಇವಳೂ ಹಾಗೇ ಹೋಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಪೆಟ್ಟಿಗೆಗೆ ಬಟ್ಟೆ ತುಂಬುತ್ತಾ ಅವಳು ಮಾತಾಡಿದಳು. ನನ್ನ ಕಡೆ ತಿರುಗಲಿಲ್ಲ, ಬಟ್ಟೆಗೇ ಹೇಳುತ್ತಿರುವ ಹಾಗೆ ಹೇಳಿದಳು. "ನಿನ್ನ ಮಂಚದಲ್ಲಿ ಮೊದಲು ಇದ್ದವಳೂ ಸಂಜೆ ಹೊತ್ತು ದಿಂಬಿಗೆ ಮುಖ ಒತ್ತಿಕೊಂಡು ಅಳ್ತಿದ್ಲು. ನಾನು ಸುಮ್ನಿದ್ದೆ. ಒಂದಿನ ಹೊರಟೇಹೋದ್ಲು. ಬಂದ ವಾರ ನೀನೂ ಹಾಗೇ ಅಳ್ತಿದ್ದೆ. ಬಾಯಿಬಿಟ್ಟು ಹೇಳಿಕೊಟ್ರೆ ಇಬ್ರಿಗೂ ತೊಂದ್ರೆ. ಚುಕ್ಕೆ ಆದ್ರೆ ಅಳಿಸಬಹುದು ಅಂತ."

ಆಮೇಲೆ ಅಂದಳು, "ತೊಟ್ಟಿ ಲೆಕ್ಕಕ್ಕೂ ಚುಕ್ಕೆ ಇಡೋಕೇ ಪೆನ್ಸಿಲ್ ತಗೊಂಡಿದ್ದೆ. ನೀನು ಒಂದು ಕಡೆನೂ ತಡವರಿಸದೆ ಬರೆದಿದ್ದೆ. ಎರಡು ತಿಂಗಳಲ್ಲಿ ಎಷ್ಟು ಸುಧಾರಿಸಿದಾಳೆ, ನಾನೇ ತಪ್ಪಿರಬೇಕು ಅನ್ನಿಸ್ತು."

ಪೆಟ್ಟಿಗೆ ಮುಚ್ಚಿ ಎತ್ತಿಕೊಂಡು ಹೋದಳು. ಬೀಗ ಇಲ್ಲವಲ್ಲ, ಮುಚ್ಚಳ ತೆರೆದುಕೊಳ್ಳದ ಹಾಗೆ ಒಂದು ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದಳು.

ಅಪ್ಪ, ನಾನೀಗ ಏನು ಮಾಡಲಿ? ನಿಜ ಹೇಳಿದರೆ ಬಲೆ ಇಟ್ಟದ್ದೂ ಹೊರಬರುತ್ತದೆ, ಚುಕ್ಕೆ ನೋಡಿಕೊಂಡು ತಿದ್ದಿದ್ದೂ ಹೊರಬರುತ್ತದೆ. ನನ್ನನ್ನು ಇಟ್ಟುಕೊಳ್ಳುವುದಿಲ್ಲ. ಹೇಳದಿದ್ದರೆ ಅವಳು ಬರುವುದಿಲ್ಲ. ಕಿಟಕಿ ಮುಚ್ಚಲು ಎಳೆದಾಗಲೆಲ್ಲ ಅವಳ ದನಿ ಕೇಳಿದ ಹಾಗಾಗುತ್ತದೆ.

ಕಡ್ಡಿ


ನವೆಂಬರ್ 10

ಕಡ್ಡಿ,

ಡಿಸೆಂಬರ್ ಮುಗಿಯುವವರೆಗೆ ಬಾಯಿ ಬಿಡಬೇಡ. ಹೋಗುವವರು ಹೀಗೆಲ್ಲ ಮರುಕ ಹುಟ್ಟುವ ಮಾತಾಡುತ್ತಾರೆ, ನಾನು ಎಷ್ಟೋ ನೋಡಿದ್ದೇನೆ. ಅವಳು ಬುದ್ಧಿವಂತೆ, ಎಲ್ಲಿ ಹೋದರೂ ಬದುಕುತ್ತಾಳೆ. ನಿನಗೆ ಸಿಕ್ಕಿರುವುದು ಇದೊಂದೇ ಜಾಗ. ಪರೀಕ್ಷೆ ಬರೆ, ಆಮೇಲೆ ನೋಡೋಣ.

ಇತಿ,
ಅಪ್ಪ


ಅದೇ ಲಕೋಟೆಯಲ್ಲಿ, ಬೇರೆ ಚೀಟಿ

ಪುಟ್ಟಾ,

ನಿಮ್ಮಪ್ಪ ಅಂಟಿಸಿ, ಅಂಟಿನ ಮೇಲೆ ಸಹಿ ಬೇರೆ ಹಾಕಿದ್ರು. ಆಸ್ಪತ್ರೆ ಲಾಂಡ್ರಿಯಲ್ಲಿ ಇಪ್ಪತ್ತು ವರ್ಷ ಇಸ್ತ್ರಿ ಹಾಕಿದ ಕೈ ನಂದು, ಒಂಚೂರು ಆವಿ ತೋರಿಸಿದ್ರೆ ಯಾವ ಲಕೋಟೆ ಬಿಟ್ಟುಕೊಳ್ಳಲ್ಲ ಹೇಳು. ಸಹಿಗೆ ಏನೂ ಆಗಿಲ್ಲ.

ನಿನ್ನ ಪತ್ರ ಓದಿದೆ. ಮೂಲೆ ಅಂಗಡಿಯವರು ಒಂದು ಮಾತೂ ಆಡಲಿಲ್ಲ ಅಂತ ನಿಮ್ಮಪ್ಪ ಬರೆದ್ರಾ? ಆಡಿದ್ರು. ನಾನು ಅಲ್ಲೇ ಪಕ್ಕದಲ್ಲಿ ನಿಂತಿದ್ದೆ. ಏನಂದ್ರು ಅಂತ ಅವರನ್ನೇ ಕೇಳು, ಅದನ್ನ ನಾನು ಹೇಳಬಾರದು.

ಆದ್ರೆ ಆ ಉತ್ತರ ಬರೋವರೆಗೆ ಕಾಯ್ತಾ ಕೂರಬೇಡ. ಯಾರದೋ ಮನೆ ಮಗು ಮಾಡದ ತಪ್ಪಿಗೆ ಮನೇಲಿ ಕೂತಿದೆ. ನೀನು ವಾಪಸ್ ಬಂದ್ರೆ ಬಾ. ನಿನ್ನ ಹಾಸಿಗೆ ಹಾಗೇ ಇದೆ.

ಅಮ್ಮ


ನವೆಂಬರ್ 15

ಅಪ್ಪಾ,

ಅವತ್ತು ಅಂಗಡಿಯವರು ಏನು ಹೇಳಿದರು?

ನಾಳೆ ಬೆಳಿಗ್ಗೆ ಮೇಡಂ ಹತ್ತಿರ ಹೋಗುತ್ತೇನೆ. ಬಲೆಯ ವಿಷಯವನ್ನೂ ಹೇಳುತ್ತೇನೆ, ಚುಕ್ಕೆಗಳ ವಿಷಯವನ್ನೂ ಹೇಳುತ್ತೇನೆ. ನಿನಗೆ ಸಿಟ್ಟು ಬರುತ್ತದೆ, ಗೊತ್ತು. ಬರಲಿ.

ಕಡ್ಡಿ


ನವೆಂಬರ್ 22

ಕಡ್ಡಿ,

ನಾಲ್ಕು ಸಲ ಬರೆದು ನಾಲ್ಕು ಹಾಳೆ ಹರಿದೆ. ನಿಮ್ಮ ಮೇಡಂ ನಿಯಮ ಇಲ್ಲಿದ್ದಿದ್ದರೆ ಎಲ್ಲವೂ ನಿನ್ನ ಕಣ್ಣಿಗೆ ಬೀಳುತ್ತಿತ್ತು.

ನನ್ನ ಕೆಲಸದಲ್ಲಿ ಒಂದು ಕ್ರಮವಿದೆ. ತಕ್ಕಡಿ ಸರಿಯಿದೆಯೋ ಇಲ್ಲವೋ ನೋಡಬೇಕಾದರೆ ಒಂದು ಸಲ ತೂಗಿದರೆ ಸಾಲದು. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿ ಮತ್ತೆ ತೂಗಬೇಕು. ಹಾಗೆ ಮಾಡದೆ ನಾನು ಒಂದು ತಕ್ಕಡಿಯನ್ನೂ ಸರಿ ಎಂದವನಲ್ಲ, ತಪ್ಪು ಎಂದವನಲ್ಲ. ಮೂಲೆ ಅಂಗಡಿಯವನ ವಿಷಯದಲ್ಲಿ ಮಾತ್ರ ಒಂದೇ ಸಲ ತೂಗಿದೆ.

ಕಚೇರಿಯವರು ಅವನ ತಕ್ಕಡಿ ಎತ್ತಿಕೊಂಡು ಹೋಗುವಾಗ ಅವನು ನನ್ನ ಹತ್ತಿರ ಬಂದ. ಜಗಳಕ್ಕೆ ಬರುತ್ತಿದ್ದಾನೆ ಎಂದುಕೊಂಡೆ. ಅವನು ಹೇಳಿದ್ದು ಇಷ್ಟೇ: "ನಿನ್ನ ಕಲ್ಲಲ್ವೇನೋ, ಅದಕ್ಕೇ ತೂಗಿ ನೋಡಲಿಲ್ಲ."

ಹನ್ನೊಂದು ವರ್ಷವಾಯಿತು. ಅವನು ಎದುರಿಗೆ ಬಂದರೆ ನಾನು ರಸ್ತೆ ದಾಟುತ್ತೇನೆ. ಅವನು ಕಳ್ಳ, ಅದಕ್ಕೇ ಮುಖ ತಪ್ಪಿಸುತ್ತಾನೆ ಎಂದು ನಿಮಗೆಲ್ಲ ಹೇಳುತ್ತಾ ಬಂದೆ. ಮುಖ ತಪ್ಪಿಸುವವನು ನಾನು. ಆ ಮಾತು ಮರೆತುಹೋಗಲಿ ಎಂದು ಆಮೇಲೆ ಎಲ್ಲರನ್ನೂ ಕಳ್ಳರ ಹಾಗೇ ನೋಡಿದೆ. ಕೊನೆಗೆ ನಿನ್ನ ಕೈಗೂ ಅದೇ ಕಲ್ಲು ಕೊಟ್ಟೆ. ತಪ್ಪು ನನ್ನದು, ಮಗಳೇ. ನಿನಗೆ ಹೇಳಿಕೊಟ್ಟವನು ಅಪ್ಪ ಎಂದು ಮೇಡಂಗೆ ಹೇಳಿರದಿದ್ದರೆ ಈಗಲಾದರೂ ಹೇಳು, ನಾಚಿಕೆಪಡಬೇಡ.

ಭಾನುವಾರ ಆ ಕಲ್ಲು ತೆಗೆದುಕೊಂಡು ಅವನ ಮನೆಗೆ ಹೋಗುತ್ತೇನೆ. ಬಾಗಿಲು ತೆಗೆಯುತ್ತಾನೋ ಇಲ್ಲವೋ ಗೊತ್ತಿಲ್ಲ. ಈ ಲಕೋಟೆಗೆ ಸಹಿ ಹಾಕಿಲ್ಲ. ಹಾಕಿದರೂ ನಿಮ್ಮಮ್ಮನಿಗೆ ಅದು ಲೆಕ್ಕಕ್ಕಿಲ್ಲವಂತೆ.

ಅಪ್ಪ


ಡಿಸೆಂಬರ್ 23

ಅಪ್ಪಾ,

ಪರೀಕ್ಷೆಯ ಗಡಿಬಿಡಿಯಲ್ಲಿ ಪತ್ರ ತಡವಾಯಿತು. ನಿನ್ನ ಹೆಸರು ಹೇಳಲಿಲ್ಲ. ಪೆನ್ನು ನನ್ನ ಕೈಯಲ್ಲೇ ಇತ್ತಲ್ಲ.

ನಾನು ಹೇಳಿದ್ದನ್ನೆಲ್ಲ ಮೇಡಂ ಪೂರ್ತಿ ಕೇಳಿದರು. ಬಯ್ಯಲಿಲ್ಲ, ಬಯ್ದಿದ್ದರೆ ಚೆನ್ನಾಗಿತ್ತು. ಮೌನಿಯನ್ನು ವಾಪಸ್ ಕರೆಸಿದರು. ಇಬ್ಬರೂ ನಿಯಮ ಮುರಿದಿದ್ದೇವೆ ಎಂದು ಇಬ್ಬರಿಗೂ ಇಲ್ಲಿಯವರೆಗಿನ ಅಂಕಗಳೆಲ್ಲ ಸೊನ್ನೆ, ಡಿಸೆಂಬರ್ ಪರೀಕ್ಷೆಯೊಂದೇ ಲೆಕ್ಕಕ್ಕೆ. ಚುಕ್ಕೆಗಳಿಲ್ಲದೆ ಓದಿದೆ, ಅಪ್ಪ. ಒಂದೊಂದು ಸಾಲನ್ನೂ ಮೂರು ಮೂರು ಸಲ ನೋಡಿದೆ. ನಿನ್ನೆ ಪಟ್ಟಿ ಹಾಕಿದರು. ಅವಳದ್ದು ಮೊದಲನೆಯದು. ನನ್ನದು ಹದಿನೆಂಟನೆಯದು. ನನ್ನ ಕೆಳಗೆ ಬರಿಯ ಕಾಗದ. ಉಳಿದುಕೊಂಡೆ ಎಂದು ಅಮ್ಮನಿಗೆ ಹೇಳು.

ಅಂಗಡಿಯವರು ಬಾಗಿಲು ತೆಗೆದು, ಕಲ್ಲು ಈಸಿಕೊಂಡು, ಮತ್ತೆ ಮುಚ್ಚಿದರು ಎಂದು ಅಮ್ಮ ಬರೆದಿದ್ದಳು. ನೀನು ಮುಂದಿನ ಭಾನುವಾರವೂ ಹೋಗಿದ್ದೆಯಂತೆ. ಹೋಗು.

ಮೌನಿಗೆ ನಾನು ಕ್ಷಮಿಸು ಎಂದೆ. ಅವಳು "ಆಯ್ತು ಬಿಡು" ಅಂದಳು. ಕಿಟಕಿಯನ್ನು ಈಗಲೂ ಅವಳೇ ಗಟ್ಟಿಯಾಗಿ ಎಳೆದು ಮುಚ್ಚುತ್ತಾಳೆ, ನನಗೆ ಚಳಿಯಾಗುತ್ತದೆ ಎಂದು. ಸಂಜೆ ಸ್ನಾನಕ್ಕೆ ಹೋಗುವಾಗ ನನ್ನ ಪುಸ್ತಕವನ್ನು ಮೇಜಿನ ಮೇಲೆ ತೆರೆದೇ ಇಟ್ಟು ಹೋಗುತ್ತೇನೆ. ಬಂದು ನೋಡಿದರೆ ಇಟ್ಟ ಹಾಗೇ ಇರುತ್ತದೆ. ತಪ್ಪುಗಳಿರುತ್ತವೆ, ಆಮೇಲೆ ನನಗೇ ಸಿಗುತ್ತವೆ.

ಊರಿಗೆ ಬರುವಾಗ ನಿನ್ನ ಹಿತ್ತಾಳೆ ಬೀಗ ತರುತ್ತೇನೆ, ನನಗೆ ಬೇಡ. ಪಟ್ಟಿ ಹಾಕಿದ ಸಂಜೆ ಮೌನಿ ಪೇಟೆಗೆ ಹೋಗಿ ಬಂದಳು. ಕೈಯಲ್ಲಿ ಚಿಕ್ಕ ಪೊಟ್ಟಣವಿತ್ತು. ನನ್ನ ಎದುರಿಗೇ ಬಿಚ್ಚಿದಳು, ಹೊಸ ಬೀಗ. ಕೆಲಸದ ಪುಸ್ತಕವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಎರಡು ಸಲ ಎಳೆದು ನೋಡಿದಳು. ಚಾವಿಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಳು.

ಈ ಹಾಸ್ಟೆಲ್ಲಿನಲ್ಲಿ ಬೀಗವಿಲ್ಲದ ಪೆಟ್ಟಿಗೆ ಈಗ ನನ್ನದೊಂದೇ.

ನಿನ್ನ,
ಕಡ್ಡಿ